ಕೂಬರ್ ಪೀಡಿಯಿಂದ ಬಂದ ಮೇಲೆ, ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಬಹಳ ದಿನದಿಂದ ಹೇಳುತ್ತಿದ್ದೆನಲ್ಲ, ಕೊನೆಗೂ ಕೂಬರ್ ಪೀಡಿಗೆ ಹೋಗಿ ಬಂದೆ. ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಉತ್ತರಕ್ಕೆ 846 ಕಿ.ಮೀ. ಪೋರ್ಟ್ ಆಗಸ್ಟಾ ದಾಟಿದ ಮೇಲೆ ಕೆಂಪು ನೆಲ, ಕುರುಚಲು ಗಿಡ, ನೆಟ್ಟಗಿನ ರಸ್ತೆ, ಅಷ್ಟೇ. ಊರು ಹತ್ತಿರವಾದಂತೆ ಎರಡೂ ಬದಿಗೆ ಬಿಳಿ ಮಣ್ಣಿನ ಗುಡ್ಡೆಗಳು, ಹುತ್ತ ಎದ್ದ ಹಾಗೆ, ಕಣ್ಣು ಹಾಯಿಸಿದಷ್ಟೂ. ಓಪಲ್ ಎಂಬ ಬಣ್ಣ ಮಿನುಗುವ ರತ್ನದ ಕಲ್ಲು ಹುಡುಕಿ ತೋಡಿದ ಮಣ್ಣು ಅದು. ತೋಡಿದ ಗುಂಡಿಗಳು ಬಾಯಿ ತೆರೆದುಕೊಂಡೇ ಇವೆ. ‘ಓಡಬೇಡಿ, ಹಿಂದಕ್ಕೆ ಹೆಜ್ಜೆ ಇಡಬೇಡಿ’ ಎಂದು ಫಲಕ ಹಾಕಿದ್ದಾರೆ.

ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಅದಕ್ಕೇ ಅರ್ಧ ಊರು ಗುಡ್ಡ ಕೊರೆದು ಒಳಗೆ ಸೇರಿಕೊಂಡಿದೆ. ಮನೆ, ಚರ್ಚು, ಅಂಗಡಿ ಎಲ್ಲ. ಆ ಮನೆಗಳಿಗೆ ಡಗೌಟ್ ಅಂತಾರೆ. ನಾನು ಉಳಿದಿದ್ದೂ ಅಂಥದ್ದರಲ್ಲೇ. ಗೋಡೆಗೆ ಗಾರೆಯಿಲ್ಲ, ಯಂತ್ರದ ಹಲ್ಲು ಕೆರೆದ ಗೆರೆಗಳು ಬಳೆಬಳೆಯಾಗಿ ಚಾವಣಿವರೆಗೂ ಏರಿವೆ. ಅಂಗೈ ಇಟ್ಟರೆ ತಂಪು. ದೀಪ ಆರಿಸಿದೆ ನೋಡು, ನನ್ನ ಕೈ ನನಗೇ ಕಾಣಲಿಲ್ಲ. ಜೋಳದ ಹಗೇವಿನ ಬಾಯಿ ತೆಗೆದಾಗ ಬರುತ್ತಿತ್ತಲ್ಲ, ಆ ಮಣ್ಣಿನ ವಾಸನೆ ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಈ ಊರು ಹುಟ್ಟಿದ ಕಥೆ ನನ್ನನ್ನು ಬಿಡುತ್ತಲೇ ಇಲ್ಲ. 1915ರಲ್ಲಿ ವಿಲ್ಲೀ ಹಚಿಸನ್ ಎಂಬ 14ರ ಹುಡುಗ, ಚಿನ್ನ ಹುಡುಕುವ ಅಪ್ಪನ ತಂಡದ ಜೊತೆ ಬಂದವನು, ನೀರು ಹುಡುಕುತ್ತಾ ಹೋಗಿದ್ದಾಗ ಓಪಲ್ ಕಂಡ. ಓಪಲ್ ಎಂದರೆ ಸಿಲಿಕಾ, ಅದರೊಳಗೆ ಹಿಡಿದಿಟ್ಟುಕೊಂಡ ಒಂದಿಷ್ಟು ನೀರು. 10 ಕೋಟಿ ವರ್ಷಕ್ಕೂ ಹಿಂದೆ ಆ ಮರುಭೂಮಿ ಸಮುದ್ರದ ತಳವಾಗಿತ್ತಂತೆ, ಕಲ್ಲಾದ ಚಿಪ್ಪುಗಳು ಈಗಲೂ ಸಿಗುತ್ತವೆ. ಇವತ್ತು ಊರಿನವರು ಕುಡಿಯುವುದು ಕೊಳವೆಬಾವಿಯ ಉಪ್ಪುನೀರನ್ನು ಸಿಹಿ ಮಾಡಿಕೊಂಡು. ಹೋಟೆಲಿನಲ್ಲಿ ಅರ್ಧ ಲೋಟ ನೀರು ಬಿಟ್ಟು ಏಳಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಮಣ್ಣುಗುಡ್ಡೆಯಲ್ಲಿ ಕಲ್ಲು ಆರಿಸಲು ಕೂತೆ. ಅದಕ್ಕೆ ನೂಡ್ಲಿಂಗ್ ಅಂತಾರೆ. ಪಕ್ಕದಲ್ಲಿ ಜರಡಿ ಹಿಡಿದು ಕೂತಿದ್ದ ಮುದುಕಿ, ‘ಒಣಗಿದ್ದರೆ ಏನೂ ತೋರುವುದಿಲ್ಲ, ಒದ್ದೆ ಮಾಡು’ ಎಂದರು. ನಾಲಿಗೆಗೆ ಮುಟ್ಟಿಸಿದೆ. ಸುಣ್ಣದ ರುಚಿ. ಬಿಸಿಲಿಗೆ ಹಿಡಿದರೆ ಬೂದು ಕಲ್ಲಿನ ಅಂಚಿನಲ್ಲಿ ಒಂದೇ ಒಂದು ಹಸಿರು ಗೆರೆ, ನವಿಲುಗರಿಯ ಎಳೆಯಷ್ಟು. ಆಕೆ ತಿರುಗಿಸಿ ನೋಡಿ, ‘ಮಾರಲು ಬರುವುದಿಲ್ಲ, ಇಟ್ಟುಕೋ’ ಎಂದು ನನ್ನ ಕೈಗೇ ವಾಪಸ್ ಇಟ್ಟರು.

ಈಗ ಅದು ನನ್ನ ಮೇಜಿನ ಮೇಲೆ, ಲೋಟದ ನೀರಿನಲ್ಲಿದೆ. ನೀನು ಬರುವವರೆಗೆ ನೀರು ಬದಲಾಯಿಸುತ್ತಿರುತ್ತೇನೆ.

ನಿನ್ನ,
ಗೆಳೆಯ