‘ಸ್ಮೈಲ್’ ಮುಗಿದದ್ದು ಕಂಪ್ಯೂಟರ್‌ನಿಂದಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಪಾಪ್ ತಂಡ ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಅವರ ‘ಸ್ಮೈಲ್’ ಆಲ್ಬಂ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ 1967ರಲ್ಲಿ ನೆನೆಗುದಿಗೆ ಬಿದ್ದ ಕೆಲಸವನ್ನು 2004ರಲ್ಲಿ ಕಂಪ್ಯೂಟರ್ ಮುಗಿಸಿಕೊಟ್ಟಿತು ಎಂಬ ಅದರ ತೀರ್ಮಾನವನ್ನು ಒಪ್ಪುವುದು ಕಷ್ಟ.

ಬೀಚ್ ಬಾಯ್ಸ್ ತಂಡದ ‘ಗುಡ್ ವೈಬ್ರೇಷನ್ಸ್’ ಹಾಡನ್ನು ಬ್ರಯಾನ್ 1966ರಲ್ಲಿ ತಿಂಗಳುಗಟ್ಟಲೆ, ಲಾಸ್ ಏಂಜಲೀಸ್‌ನ ಹಲವು ಸ್ಟುಡಿಯೊಗಳಲ್ಲಿ ತುಣುಕು ತುಣುಕಾಗಿ ಧ್ವನಿಮುದ್ರಿಸಿ, ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಮೂರೂವರೆ ನಿಮಿಷಕ್ಕೆ ಇಳಿಸಿದ್ದರು. ಒಂದು ಹಾಡಿಗೆ ಒಗ್ಗಿದ ಈ ಕ್ರಮವನ್ನು ಇಡೀ ಆಲ್ಬಮ್ಮಿಗೆ ವಿಸ್ತರಿಸಹೊರಟಿದ್ದೇ ‘ಸ್ಮೈಲ್’. ತುಣುಕುಗಳಿಗೆ ಕೊರತೆಯಿರಲಿಲ್ಲ, ಯಾವುದರ ಹಿಂದೆ ಯಾವುದು ಎಂಬುದಷ್ಟೇ ಇತ್ಯರ್ಥವಾಗಲಿಲ್ಲ. ಆಲ್ಬಂ ಹೊರತರಬೇಕಿದ್ದ ಕ್ಯಾಪಿಟಲ್ ಕಂಪನಿ ಅದರ ನಾಲ್ಕು ಲಕ್ಷಕ್ಕೂ ಹೆಚ್ಚು ಹೊದಿಕೆಗಳನ್ನು ಮುದ್ರಿಸಿಟ್ಟುಕೊಂಡಿತ್ತು. ಅವುಗಳ ಹಿಂಬದಿಯಲ್ಲಿ 12 ಹಾಡುಗಳ ಪಟ್ಟಿಯೇನೋ ಇತ್ತು, ಆದರೆ ಸರಿಯಾದ ಅನುಕ್ರಮಕ್ಕಾಗಿ ತಟ್ಟೆಯ ಮೇಲಿನ ಚೀಟಿಯನ್ನು ನೋಡಿ ಎಂಬ ಸೂಚನೆಯೂ ಜೊತೆಗಿತ್ತು. ಆ ಚೀಟಿ ಅಚ್ಚಾಗಲೇ ಇಲ್ಲ. ಆಲ್ಬಂ ಏಕೆ ನಿಂತಿತು ಎಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಉಳಿದ ಕಾರಣಗಳು ಸುಳ್ಳೆಂದಲ್ಲ. ಮಾದಕ ವಸ್ತುಗಳಿದ್ದವು, ಗೌರವಧನದ (ರಾಯಲ್ಟಿ) ವಿಚಾರವಾಗಿ ಕ್ಯಾಪಿಟಲ್ ವಿರುದ್ಧ ದಾವೆಯಿತ್ತು, ವಿಯೆಟ್ನಾಂ ಯುದ್ಧಕಾಲದ ಕಡ್ಡಾಯ ಸೇನಾಸೇವೆಯನ್ನು ನಿರಾಕರಿಸಿದ್ದಕ್ಕೆ ಬ್ರಯಾನ್ ಅವರ ತಮ್ಮ, ತಂಡದಲ್ಲೇ ಇದ್ದ ಕಾರ್ಲ್ ಮೇಲೆ ಮೊಕದ್ದಮೆ ನಡೆದಿತ್ತು. ಆಲ್ಬಮ್ಮಿನ ಗೀತರಚನೆಕಾರ ವ್ಯಾನ್ ಡೈಕ್ ಪಾರ್ಕ್ಸ್ ಬರೆದ ಸಾಲುಗಳ ಅರ್ಥವನ್ನು ತಂಡದ ಗಾಯಕ ಮೈಕ್ ಲವ್ ಪ್ರಶ್ನಿಸಿದ್ದೂ ನಿಜ, ಆದರೆ ಎಲ್ಲವನ್ನೂ ಅವರ ತಲೆಗೆ ಕಟ್ಟುವ ಅಭಿಮಾನಿಗಳ ಚಾಳಿ ನ್ಯಾಯವಲ್ಲ. 1966ರ ನವೆಂಬರಿನಲ್ಲಿ ಬೆಂಕಿಯನ್ನು ಕುರಿತ ವಾದ್ಯರಚನೆಯೊಂದನ್ನು ಧ್ವನಿಮುದ್ರಿಸುವಾಗ ಬ್ರಯಾನ್ ವಾದಕರ ತಲೆಗೆ ಅಗ್ನಿಶಾಮಕರ ಆಟಿಕೆ ಟೋಪಿ ಹಾಕಿಸಿ, ಹೊಗೆಯ ವಾಸನೆ ಮೂಗಿಗೆ ಬಡಿಯಲೆಂದು ಬಕೆಟ್ಟಿನಲ್ಲಿ ಕಟ್ಟಿಗೆ ಉರಿಸಿದ್ದರು. ಬಳಿಕ ಹತ್ತಿರದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗ, ಅದು ತಮ್ಮ ಸಂಗೀತದಿಂದಲೇ ಆಯಿತೆಂದು ಹೆದರಿ ಆ ಟೇಪನ್ನು ಮೂಲೆಗಿಟ್ಟರು. ಇಂಥ ಮನಃಸ್ಥಿತಿಯಲ್ಲಿ, ಅನುಕ್ರಮದ ಬಗ್ಗೆ ಗಟ್ಟಿ ಮನಸ್ಸು ಮಾಡುವುದು ಆಗುವ ಮಾತಾಗಿರಲಿಲ್ಲ. 1967ರ ಮೇನಲ್ಲಿ ಆಲ್ಬಂ ಕೈಬಿಟ್ಟ ಸುದ್ದಿ ಹೊರಬಿತ್ತು.

ಹಾಗಾದರೆ ಮೂವತ್ತೇಳು ವರ್ಷಗಳ ಬಳಿಕ ಬದಲಾದದ್ದೇನು? ಬ್ರಯಾನ್ ಅವರ ಹೊಸ ತಂಡದ ವಾದ್ಯಗಾರ ಡೇರಿಯನ್ ಸಹನಾಜ ಹಳೆಯ ತುಣುಕುಗಳನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಕೊಂಡು ಬ್ರಯಾನ್ ಪಕ್ಕ ಕುಳಿತದ್ದು ನಿಜ. ಜೋಡಿಸಿ ನೋಡುವ ಕೆಲಸ ಅದರಿಂದ ಹಗುರವಾಯಿತು ಎಂಬುದೂ ನಿಜ. ಆದರೆ ಅಂಥ ಯಂತ್ರಗಳು ಅದಕ್ಕೂ ವರ್ಷಗಳ ಮೊದಲೇ ಸ್ಟುಡಿಯೊಗಳಲ್ಲಿದ್ದವು, 1993ರಲ್ಲಿ ಕೆಲವು ತುಣುಕುಗಳು ಅಧಿಕೃತವಾಗಿಯೇ ಹೊರಬಂದಿದ್ದವು, ಆದರೂ ಆಲ್ಬಂ ಮುಗಿದಿರಲಿಲ್ಲ. ಈ ಬಾರಿ ಹೊಸದಾಗಿ ಒದಗಿದ್ದು ಸಂಗೀತ ಕಛೇರಿಯ ದಿನಾಂಕ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ 2004ರ ಫೆಬ್ರುವರಿ 20ರಂದು ನುಡಿಸುವುದೆಂದು ಗೊತ್ತಾಗಿತ್ತು. ವೇದಿಕೆಯ ಮೇಲೆ ಮೊದಲ ಹಾಡು ಯಾವುದು, ಕೊನೆಯದು ಯಾವುದು ಎಂದು ಹೇಳದೆ ವಿಧಿಯಿಲ್ಲ. ಹಾಡೊಂದರ ಹಳೆಯ ಕೈಬರಹದಲ್ಲಿ ಪದವೊಂದು ಓದಲಾಗದೆ ಬ್ರಯಾನ್ ಪಾರ್ಕ್ಸ್‌ಗೆ ಫೋನ್ ಮಾಡಿದರು. ಪಾರ್ಕ್ಸ್ ಬಂದು ಜೊತೆಗೂಡಿ, ಸಾಹಿತ್ಯವಿಲ್ಲದೆ ಉಳಿದಿದ್ದ ಭಾಗಗಳಿಗೆ ಮಾತು ಬರೆದುಕೊಟ್ಟರು; ಮೂರು ಭಾಗಗಳ ಕೃತಿ ಸಿದ್ಧವಾಯಿತು. ಸೆಪ್ಟೆಂಬರಿನಲ್ಲಿ ನಾನ್‌ಸಚ್ ಕಂಪನಿಯಿಂದ ಬಂದ ಆಲ್ಬಂ ಆ ಕಛೇರಿಯ ಫಲವೇ ಹೊರತು ಹಳೆಯ ಟೇಪುಗಳ ದುರಸ್ತಿಯಲ್ಲ. ಅಷ್ಟನ್ನೂ ಹೊಸದಾಗಿ ಹಾಡಿ ನುಡಿಸಿ ಮುದ್ರಿಸಲಾಯಿತು.

ಈ ಕಾರಣಕ್ಕಾಗಿಯೇ, ಬೀಚ್ ಬಾಯ್ಸ್ ಆಲ್ಬಂ ಕೊನೆಗೂ ಬಂತು ಎಂದು 2004ರ ಧ್ವನಿಮುದ್ರಿಕೆಯನ್ನು ಲೇಖಕರು ಬಣ್ಣಿಸಿರುವುದು ಓದುಗರನ್ನು ದಾರಿ ತಪ್ಪಿಸುತ್ತದೆ. ಅದರಲ್ಲಿ ಕೇಳುವುದು ಅರವತ್ತು ದಾಟಿದ ಬ್ರಯಾನ್ ಅವರ ಒರಟಾದ ಕಂಠ ಮತ್ತು ಅವರ ಹೊಸ ತಂಡ. ತಮ್ಮಂದಿರಾದ ಡೆನಿಸ್ 1983ರಲ್ಲಿ, ಕಾರ್ಲ್ 1998ರಲ್ಲಿ ತೀರಿಕೊಂಡಿದ್ದರು. ಅಣ್ಣತಮ್ಮಂದಿರ ಎಳೆಯ ದನಿಗಳ ಮೂಲ ಟೇಪುಗಳು ‘ದಿ ಸ್ಮೈಲ್ ಸೆಷನ್ಸ್’ ಹೆಸರಿನಲ್ಲಿ ಹೊರಬಂದದ್ದು 2011ರಲ್ಲಿ. ಅವುಗಳನ್ನು ಜೋಡಿಸಲು ಆ ಸಂಪುಟದ ಸಂಪಾದಕರು ಆಧಾರವಾಗಿಟ್ಟುಕೊಂಡದ್ದು 2004ರ ಅನುಕ್ರಮವನ್ನೇ. ಆದರೆ ಟೇಪುಗಳು ಹಳೆಯವೇ ಆದ್ದರಿಂದ, ಪಾರ್ಕ್ಸ್ ತಡವಾಗಿ ಬರೆದುಕೊಟ್ಟ ಮಾತುಗಳು ಆ ಸಂಪುಟದಲ್ಲಿ ಕೇಳಿಸುವುದಿಲ್ಲ.

ಇಂತಿ,
ಒಬ್ಬ ಓದುಗ, ಧಾರವಾಡ