ಪುಟ್ಟಿಯ ಊಟಕ್ಕೆ ರೊಮೆಸ್ಕೊ

ತರಗೋನ, ಸ್ಪೇನ್,
ಫೆಬ್ರವರಿ, ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ನಿನ್ನ ಪತ್ರ ಓದಿದೆ. ಪುಟ್ಟಿ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದಾಳೆ, ಅಮ್ಮ ಅದಕ್ಕೆ ಮುಖ ಊದಿಸಿಕೊಂಡು ಓಡಾಡ್ತಿದ್ದಾಳೆ, ನೀನು ಇಬ್ಬರ ನಡುವೆ ಸಿಕ್ಕಿಕೊಂಡಿದ್ದೀಯ. ಅವಳು ರಜೆಗೆ ಬಂದಾಗ ಒಂದು ದಿನವಾದರೂ "ಇದು ನನಗೇ ಅಂತ ಮಾಡಿದ ಊಟ" ಅನ್ನಿಸೋ ಹಾಗೆ ಏನಾದರೂ ಮಾಡಬೇಕು ಅಂದಿದ್ದೀಯಲ್ಲ, ಅದಕ್ಕೇ ರೊಮೆಸ್ಕೊ ಅನ್ನೋ ಇಲ್ಲಿಯ ಬಾದಾಮಿ ಸಾಸ್ ಮಾಡೋದನ್ನ ಕೂತು ಬರೀತಿದ್ದೀನಿ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಮೊಸರು ತೆಗೆದು, ತುಪ್ಪ ತೆಗೆದು, ಉಳಿದದ್ದನ್ನು ತಟ್ಟೆಗೆ ಹಾಕಿದರೆ ಅದು ಊಟ ಆಗಲ್ಲ, ಪಥ್ಯ ಆಗುತ್ತೆ. ಸೋಯಾಗೆ ಮಾಂಸದ ವೇಷ ಹಾಕಿಸೋದೂ ನನಗೆ ಸೇರಲ್ಲ. ತರಕಾರಿಯೇ ತಟ್ಟೆಯ ನಡುವೆ ಕೂರಬೇಕು ಅಂದರೆ ಜೋರು ಕಾವು ಬೇಕು, ಅದರ ಜೊತೆಗೆ ಜಿಡ್ಡೂ ಹುಳಿಯೂ ಇರೋ ಗಟ್ಟಿ ಸಾಸ್ ಬೇಕು. ಈ ಸೀಮೆಯವರಿಗೆ ಇವೆರಡೂ ಚೆನ್ನಾಗಿ ಗೊತ್ತು.

ಈಗ ಇಲ್ಲಿ ಕಲ್ಸೊಟ್ ಅನ್ನೋ ಉದ್ದ ದಂಟಿನ ಈರುಳ್ಳಿಯ ಕಾಲ. ಬಿಳಿ ಈರುಳ್ಳಿ ಗಡ್ಡೆಯನ್ನು ಮತ್ತೆ ನೆಟ್ಟು, ಚಿಗುರು ಮೇಲೆ ಬಂದ ಹಾಗೆಲ್ಲ ಬುಡಕ್ಕೆ ಮಣ್ಣು ಏರಿಸ್ತಾ ಹೋಗ್ತಾರೆ. ಬಿಸಿಲು ತಾಗದ ದಂಟು ಬೆಳ್ಳಗೆ, ಉದ್ದಕ್ಕೆ, ಸಿಹಿಯಾಗಿ ಬೆಳೆಯುತ್ತೆ. ಇಲ್ಲಿಂದ ಸುಮಾರು 20 ಕಿ.ಮೀ. ದೂರದ ವಾಲ್ಸ್ ಇದಕ್ಕೆ ಹೆಸರುವಾಸಿ, ಜನವರಿ ಕೊನೆಯ ಭಾನುವಾರ ಅಲ್ಲಿ ಇದರದ್ದೇ ಹಬ್ಬ. ದ್ರಾಕ್ಷಿ ತೋಟದಲ್ಲಿ ಸವರಿದ ಒಣ ಕಡ್ಡಿ ಹಚ್ಚಿ, ಉರಿ ಎದ್ದಾಗಲೇ ಕಲ್ಸೊಟ್ ಸಾಲಾಗಿ ಹಾಕಿ, ಹೊರಗೆಲ್ಲ ಕಪ್ಪಾಗೋವರೆಗೆ ಸುಡ್ತಾರೆ. ಆಮೇಲೆ ನ್ಯೂಸ್ ಪೇಪರಿನಲ್ಲಿ ಸುತ್ತಿ ಇಟ್ಟುಬಿಡ್ತಾರೆ, ಒಳಗಿನ ಹಬೆಯಲ್ಲೇ ಅದು ಪೂರ್ತಿ ಮೆತ್ತಗಾಗುತ್ತೆ. ಮೇಜಿಗೆ ಬರೋದು ಹೆಂಚಿನ ಮೇಲೆ, ನಿಜವಾದ ಮಾಡಿನ ಹೆಂಚು! ಒಂದು ಕೈಯಲ್ಲಿ ಕರಕಾದ ತುದಿ ಹಿಡಿದು, ಇನ್ನೊಂದರಲ್ಲಿ ಒಳಗಿನ ಎಲೆ ಹಿಡಿದು ಎಳೆದರೆ ಬಿಳಿ ದಂಟು ಜಾರಿಕೊಂಡು ಹೊರಗೆ ಬರುತ್ತೆ. ಸಾಸಿನಲ್ಲಿ ಅದ್ದಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಇಳಿಬಿಡೋದು. ದೊಡ್ಡವರೂ ಕೊರಳಿಗೆ ಮಕ್ಕಳ ಬಿಬ್ ಕಟ್ಟಿಕೊಂಡು ಕೂತಿರ್ತಾರೆ. ಇದಾದ ಮೇಲೆ ಅವರಿಗೆ ಕೆಂಡದ ಮೇಲೆ ಸುಟ್ಟ ಮಾಂಸ ಬರುತ್ತೆ, ಅಲ್ಲಿಂದ ಅವರ ಊಟ ಶುರು. ನನ್ನದು ಅಷ್ಟರಲ್ಲಿ ಮುಗಿದಿರುತ್ತೆ, ಹೊಟ್ಟೆಯೂ ತುಂಬಿರುತ್ತೆ. ಮುಖ್ಯ ಊಟ ಮಾಂಸವೇ ಆಗಬೇಕು ಅನ್ನೋದು ಬರೀ ರೂಢಿ ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಅದ್ದಿಕೊಳ್ಳೋ ಆ ಸಾಸಿಗೆ ಸಾಲ್ವಿಚಾಡ ಅಂತಾರೆ, ರೊಮೆಸ್ಕೊದ ಒಡಹುಟ್ಟಿದ್ದು. ರೊಮೆಸ್ಕೊ ತರಗೋನದ್ದೇ, ಇಲ್ಲಿಯ ಸೆರಾಲ್ಯೊ ಅನ್ನೋ ಬೆಸ್ತರ ಕೇರಿಯಲ್ಲಿ ಮೀನಿಗೆ ಅಂತ ಮಾಡ್ತಿದ್ದದ್ದು. ಆದರೆ ಸಾಸಿನೊಳಗೆ ಮೀನೂ ಇಲ್ಲ, ಹಾಲೂ ಇಲ್ಲ. ಪುಟ್ಟಿಗೋಸ್ಕರ ಏನನ್ನೂ ತೆಗೆಯೋದೇ ಬೇಕಿಲ್ಲ.

ನಾಲ್ಕು ಜನಕ್ಕೆ ನಾನು ರೊಮೆಸ್ಕೊ ಮಾಡೋದು ಹೀಗೆ. ಬಾದಾಮಿ 60 ಗ್ರಾಂ, ಹೇಝಲ್‌ನಟ್ 40 ಗ್ರಾಂ. ಪಕ್ಕದ ರೆಯೂಸ್‌ನ ಹೇಝಲ್‌ನಟ್ ಬಹಳ ಪ್ರಸಿದ್ಧಿ, ನಿನಗೆ ಅಲ್ಲಿ ಸಿಗದಿದ್ದರೆ ಬಾದಾಮಿಯನ್ನೇ 100 ಗ್ರಾಂ ತಗೋ. ಕಡಲೆಕಾಯಿ ಬೀಜ ಮಾತ್ರ ಬೇಡ, ಮಿಕ್ಕಿದ್ದನ್ನೆಲ್ಲ ನುಂಗಿಬಿಡುತ್ತೆ. ಸಣ್ಣ ಉರಿಯಲ್ಲಿ ಹುರಿ, ಘಮ್ ಅಂದ ತಕ್ಷಣ ತಟ್ಟೆಗೆ ಸುರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದುಹೋಗುತ್ತೆ. ಹೇಝಲ್‌ನಟ್ ಆದರೆ ಬಿಸಿಯಿದ್ದಾಗಲೇ ಬಟ್ಟೆಯಲ್ಲಿ ಗಂಟು ಕಟ್ಟಿ ಉಜ್ಜು, ಸಿಪ್ಪೆ ಉದುರಿ ಬರುತ್ತೆ. ಮೂರು ನಾಲ್ಕು ಹಣ್ಣು ಟೊಮೆಟೊ, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ ಸಿಪ್ಪೆ ಸಮೇತ ಒವನ್ನಿನಲ್ಲಿ ಸುಡು. ಸುಟ್ಟ ಬೆಳ್ಳುಳ್ಳಿಯ ಬುಡ ಹಿಂಡಿದರೆ ಎಸಳು ಬೆಣ್ಣೆಯ ಹಾಗೆ ಹೊರಗೆ ಬರುತ್ತೆ, ಆ ಖಾರ ಪೂರಾ ಇಳಿದು ಸಿಹಿಯಾಗಿರುತ್ತೆ.

ಇನ್ನು ಮೆಣಸಿನಕಾಯಿ. ಇಲ್ಲಿ ನ್ಯೋರ ಅಂತ ಗುಂಡಗಿನ ಒಣ ಮೆಣಸಿನಕಾಯಿ ಇದೆ, ಖಾರ ಇಲ್ಲವೇ ಇಲ್ಲ ಅನ್ನಬಹುದು. ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಸೀಳಿ, ಚಮಚದಲ್ಲಿ ಒಳಗಿನ ತಿರುಳನ್ನಷ್ಟೇ ಕೆರೆದು ತಗೊಂಡು ಸಿಪ್ಪೆ ಬಿಸಾಡೋದು. ನೀನು ಬ್ಯಾಡಗಿ ನಾಲ್ಕು ನೆನೆಸಿ ಬೀಜ ತೆಗೆದು ಹಾಕು, ಬಣ್ಣಕ್ಕೇನೂ ಕಮ್ಮಿ ಆಗಲ್ಲ. ಒಂದು ಹೋಳು ಬ್ರೆಡ್ ಎಣ್ಣೆಯಲ್ಲಿ ಗರಿಗರಿ ಕರಿ. ಪ್ಯಾಕೆಟ್ಟಿನ ಹಿಂದೆ ಓದಿ ನೋಡು, ಎಷ್ಟೋ ಬ್ರೆಡ್ಡಿನಲ್ಲಿ ಹಾಲಿನ ಪುಡಿ ಇರುತ್ತೆ.

ಇವನ್ನೆಲ್ಲ ಎರಡು ಚಮಚ ವಿನಿಗರ್, ಉಪ್ಪು ಹಾಕಿ ಮಿಕ್ಸಿಯಲ್ಲಿ ತರಿತರಿಯಾಗಿ ರುಬ್ಬು. ನುಣ್ಣಗೆ ಬೇಡ, ಹಲ್ಲಿಗೆ ಬಾದಾಮಿ ಸಿಗಬೇಕು. ಆಲಿವ್ ಎಣ್ಣೆ ಸುಮಾರು 100 ಮಿ.ಲೀ., ಅದನ್ನು ಮಿಕ್ಸಿಗೆ ಹಾಕಬೇಡ, ಜೋರಾಗಿ ತಿರುಗಿದರೆ ಒಳ್ಳೆ ಆಲಿವ್ ಎಣ್ಣೆ ಕಹಿ ಬಿಡುತ್ತೆ. ಬಟ್ಟಲಿಗೆ ತೆಗೆದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕ್ತಾ ಚಮಚದಲ್ಲಿ ಕಲಸು. ಒಂದು ಗಂಟೆ ಹಾಗೇ ಬಿಟ್ಟರೆ ಬ್ರೆಡ್ಡು ನೀರು ಹೀರಿಕೊಂಡು ಗಟ್ಟಿಯಾಗುತ್ತೆ.

ತರಕಾರಿ ಯಾವುದಾದರೂ ಆಗುತ್ತೆ, ನನಗೆ ಹೂಕೋಸು ಇಷ್ಟ. ಬಿಡಿಬಿಡಿ ಮಾಡದೆ, ದಂಟಿನ ಸಮೇತ ಬೆರಳು ದಪ್ಪದ ಹೋಳು ಕೊಯ್ಯಿ, ಆಗ ಒಂದು ಕಡೆ ಪೂರ್ತಿ ಚಪ್ಪಟೆಯಾಗಿ ತಟ್ಟೆಗೆ ಅಂಟಿ ಕೂತು ಕೆಂಪಗೆ ಹುರಿಯುತ್ತೆ. ಜೊತೆಗೆ ಸಿಹಿಗುಂಬಳ, ಬದನೆಕಾಯಿ. ತೊಳೆದ ಮೇಲೆ ಚೆನ್ನಾಗಿ ಒರೆಸು. ಎಣ್ಣೆ, ಉಪ್ಪು ಸವರಿ 220 ಡಿಗ್ರಿಯಲ್ಲಿ 25ರಿಂದ 30 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕು. ನಿನ್ನ ಓಟಿಜಿ ಚಿಕ್ಕದು ಅಂತ ಒಂದರ ಮೇಲೊಂದು ಪೇರಿಸಬೇಡ. ಬಿಟ್ಟ ನೀರು ಆರಿಹೋಗೋಕೆ ಜಾಗ ಇಲ್ಲದಿದ್ದರೆ ತರಕಾರಿ ಹಬೆಯಲ್ಲಿ ಬೇಯುತ್ತೆ, ಬಣ್ಣವೇ ಬರಲ್ಲ, ರುಚಿ ಇರೋದೇ ಆ ಬಣ್ಣದಲ್ಲಿ. ಎರಡು ಸಲ ಇಡು, ಮೊದಲಿನದು ತಣ್ಣಗಾದರೂ ಚಿಂತೆಯಿಲ್ಲ. ಬೇಯಿಸಿದ ಕಾಬೂಲಿ ಕಡಲೆಯನ್ನೂ ಕೊನೇ ಹತ್ತು ನಿಮಿಷ ಅದೇ ಟ್ರೇಗೆ ಹಾಕು, ಹೊಟ್ಟೆಗೆ ಒಂದಿಷ್ಟು ಪ್ರೋಟೀನ್ ಹೋಗಲಿ.

ಬಡಿಸುವಾಗ ಸಾಸ್ ಕೆಳಗೆ, ತರಕಾರಿ ಮೇಲೆ. ಮೇಲಿಂದ ಸುರಿದರೆ ಗರಿಯೆಲ್ಲ ಹೋಗುತ್ತೆ. ಉಳಿದ ಸಾಸ್ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತೆ.

ಅಮ್ಮನ ಚಿಂತೆಯಲ್ಲೂ ಸ್ವಲ್ಪ ನಿಜ ಇದೆ, ನಗಬೇಡ. ಪ್ರೋಟೀನಿಗೆ ಕಾಳು, ಬೀಜ ಸಾಕು, ಆದರೆ ಬಿ12 ವಿಟಮಿನ್ ಗಿಡದಿಂದ ಬರೋದನ್ನು ನಂಬೋ ಹಾಗಿಲ್ಲ, ಮಾತ್ರೆಯೋ ಬಿ12 ಸೇರಿಸಿದ ಆಹಾರವೋ ಬೇಕು. ಡಾಕ್ಟರ್ ಹತ್ತಿರ ಒಮ್ಮೆ ಕೇಳಿಸು. ಪುಟ್ಟಿ ವಾದ ಮಾಡಿದರೆ ಮಾಮ ಹೇಳಿದ್ದಾನೆ ಅನ್ನು.

ಬಾದಾಮಿ ಹುರಿಯೋದು, ರುಬ್ಬೋದು ಪುಟ್ಟಿಗೇ ಬಿಡು, ನೀನು ಒವನ್ ನೋಡಿಕೋ. ಅಮ್ಮನಿಗೆ ಮೊದಲು ಸಾಸಷ್ಟೇ ರೊಟ್ಟಿಗೆ ಹಚ್ಚಿ ಕೊಡು, ಏನಂದಳು ಅಂತ ಮುಂದಿನ ಪತ್ರದಲ್ಲಿ ತಪ್ಪದೆ ಬರಿ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ