ಅಗಲದ ಸ್ಕೀ ಪರಿಣತರಿಗೆ ಮಾತ್ರ ಅಂತ ಬರೆದದ್ದು ಸರಿಯಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಆದಿತ್ಯವಾರದ ಪುರವಣಿಯಲ್ಲಿ ಗುಲ್ಮಾರ್ಗ್ ಬಗ್ಗೆ ಲೇಖನ ಬಂದಿತ್ತಲ್ಲ, ಚಂದ ಉಂಟು, ನಮ್ಮ ಮಂಗಳೂರಿನ ಸೆಕೆಗೆ ಫ್ಯಾನ್ ಕೆಳಗೆ ಕೂತು ಹಿಮದ ಫೋಟೋ ನೋಡುದೇ ಒಂದು ಸುಖ, ಆದ್ರೆ ಕೊನೆಯ ಕಾಲಮ್ಮಿನ ಒಂದು ಸಾಲು ಓದಿ ಕುಡೀತಿದ್ದ ಚಾ ನೆತ್ತಿಗೆ ಹತ್ತಿತು. ಹೊಸಬರು ಸಪೂರದ ಸ್ಕೀಯನ್ನೇ ಬಾಡಿಗೆಗೆ ತಗೊಳ್ಳಿ, ಅಗಲದ್ದು ಪರಿಣತರಿಗೆ ಮಾತ್ರ ಅಂತ ಬರ್ದಿದ್ದಾರೆ. ಮೆಷಿನ್ ಓಡಿಸಿ ಸಮ ಮಾಡಿದ ಇಳಿಜಾರಿಗೆ, ಅಂದ್ರೆ ಪಿಸ್ಟ್‌ಗೆ, ಅದು ಸರಿಯೇ. ಆದ್ರೆ ಲೇಖನ ಪೂರಾ ಇರುದು ಪೌಡರ್ ಬಗ್ಗೆ, ಹೊಸದಾಗಿ ಬಿದ್ದ ಹುಡಿ ಹಿಮದ ಬಗ್ಗೆ, ಅಲ್ಲಿಗೆ ಈ ಸಲಹೆ ಪೂರಾ ಉಲ್ಟಾ ಮಾರ್ರೆ.

ನಾನು ಇದೇ ಮಾತು ನಂಬಿ ಕೆಟ್ಟವ. ಮೊದಲ ಸಲ ಹೋದಾಗ ಬಾಡಿಗೆ ಅಂಗಡಿಯವ ಕೊಟ್ಟದ್ದು ನಡುವಿನ ಅಗಲ 72 ಮಿಲಿಮೀಟರ್ ಇದ್ದ ಸಪೂರದ ಹಳೇ ಸ್ಕೀ. ಎರಡು ದಿನ ಕೆಳಗಿನ ಪಿಸ್ಟ್‌ನಲ್ಲಿ ಆರಾಮ ಓಡಿತು, ನನಗೂ ಸ್ವಲ್ಪ ಜಂಬ ಬಂತು. ಮೂರನೇ ದಿನ ರಾತ್ರಿಯಿಡೀ ಹಿಮ ಬಿತ್ತು, ಬೆಳಿಗ್ಗೆ ಗೊಂಡೋಲಾದಲ್ಲಿ, ಅಂದ್ರೆ ಅಲ್ಲಿನ ಕೇಬಲ್ ಕಾರಿನಲ್ಲಿ, ಮೊದಲ ಹಂತದ ಕೊಂಗ್ದೂರಿಯಲ್ಲಿ ಇಳಿದು ಗೈಡ್ ಹಿಂದೆಯೇ ಮರಗಳ ಮಧ್ಯೆ ಹೋದೆ, ಒಂದು ತಿರುವು ಆಯ್ತು, ಎರಡು ಆಯ್ತು, ಮೂರನೇದಕ್ಕೆ ಸ್ಕೀಯ ಮೂತಿ ಹಿಮದೊಳಗೆ ನುಗ್ಗಿತು, ಸ್ಕೀ ಅಲ್ಲೇ ನಿಂತಿತು, ನಾನು ಮಾತ್ರ ನಿಲ್ಲಲಿಲ್ಲ. ಏಳುವ ಅಂತ ಕೈ ಊರಿದ್ರೆ ಕೈ ಹೆಗಲಿನವರೆಗೆ ಒಳಗೆ ಹೋಯ್ತು, ಅಡಿಯಲ್ಲಿ ನೆಲವೇ ಇಲ್ಲ. ಕೊನೆಗೆ ಗೈಡ್ ಎರಡು ಕೋಲನ್ನು ಅಡ್ಡಡ್ಡ ಇಟ್ಟು ಅದರ ಮೇಲೆ ಕೈ ಊರ್ಲಿಕ್ಕೆ ಹೇಳಿದ, ಎದ್ದೆ. ಒಂದು ಸ್ಕೀ ನಾಪತ್ತೆ. ನಾನು ಕೆಳಗೆ ಕೆಳಗೆ ಹುಡುಕ್ತಾ ಇದ್ದೆ, ಅವ ನಗಾಡಿಕೊಂಡು ನಾನು ಬಿದ್ದ ಜಾಗದಿಂದ ಮೇಲಕ್ಕೆ ಕೆದಕಿದ. ಬೈಂಡಿಂಗ್, ಅಂದ್ರೆ ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ, ಬಿಚ್ಚಿದ ಸ್ಕೀ ಅಲ್ಲೇ ಹೂತಿರ್ತದೆ, ಉರುಳಿ ಮುಂದೆ ಬಂದವರು ನಾವು. ಸಿಗುವಾಗ ನಲ್ವತ್ತು ನಿಮಿಷ ಆಗಿತ್ತು, ಗ್ಲೌಸ್ ಒಳಗೆ ಬೆರಳು ಉಂಟಾ ಇಲ್ವಾ ಗೊತ್ತಾಗ್ತಿರ್ಲಿಲ್ಲ.

ಮರುದಿನ ಗೈಡ್ ತನ್ನ ಹತ್ರ ಇದ್ದ 106ರ ಸ್ಕೀ ಕೊಟ್ಟ. ಅದೇ ಕಾಡು, ಅದೇ ಹಿಮ, ಅದೇ ನಾನು, ಒಂದು ರಾತ್ರಿಯಲ್ಲಿ ನಾನೇನೂ ಪರಿಣತ ಆಗಿರ್ಲಿಲ್ಲ. ಆದ್ರೆ ಮುಳುಗಲಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸ್ಲಿಕ್ಕೆ ಫಿಸಿಕ್ಸ್ ಬೇಡ. ಆಟಿ ತಿಂಗಳಲ್ಲಿ ಕೆಸರ್ಡೊಂಜಿ ದಿನಕ್ಕೆ ಗದ್ದೆಗೆ ಇಳಿದವರಿಗೆ ಗೊತ್ತುಂಟು, ಕಾಲು ಊರಿದಲ್ಲಿ ಮೊಣಕಾಲಿನವರೆಗೆ ಹೂತು ಹೋಗ್ತದೆ, ಅದೇ ಗದ್ದೆಗೆ ಒಂದು ಹಲಗೆ ಹಾಕಿದ್ರೆ ಅದರ ಮೇಲೆ ನಡೀಬಹುದು. ಕಂಬಳದಲ್ಲಿ ಅಡ್ಡಹಲಗೆ ಮೇಲೆ ನಿಂತವ ಹೂಳುದಿಲ್ಲ ಯಾಕೆ, ಹಲಗೆಯ ಅಗಲವೂ ಉಂಟು, ಕೋಣಗಳು ಎಳೆಯುವ ವೇಗವೂ ಉಂಟು. ಪೌಡರಿನಲ್ಲಿಯೂ ಇವೇ ಎರಡು. ಸಪೂರದ ಸ್ಕೀಯಲ್ಲಿ ತೇಲ್ಬೇಕಾದ್ರೆ ಜಾಸ್ತಿ ವೇಗ ಬೇಕು, ಹೊಸಬನ ಹತ್ರ ಇಲ್ಲದ್ದೇ ಅದು, ಹೆದರಿ ನಿಧಾನ ಹೋದ ಹಾಗೆ ಇನ್ನೂ ಮುಳುಗ್ತಾನೆ. ಅಗಲದ್ದು ನಿಧಾನದಲ್ಲೂ ಮೇಲೆ ಇಟ್ಟುಕೊಳ್ತದೆ. ಹಾಗಾದ್ರೆ ಅಗಲದ ಸ್ಕೀ ಜಾಸ್ತಿ ಬೇಕಾದ್ದು ಯಾರಿಗೆ ನೀವೇ ಹೇಳಿ.

ಇದು ನನ್ನ ತಲೆಯಿಂದ ಬಂದ ಥಿಯರಿ ಅಲ್ಲ. 1980ರ ದಶಕದ ಕೊನೆಗೆ ಆಸ್ಟ್ರಿಯಾದ ಆಟಮಿಕ್ ಕಂಪನಿಯ ರೂಪರ್ಟ್ ಹೂಬರ್ ಅನ್ನುವವರು ಸ್ನೋಬೋರ್ಡನ್ನು ಉದ್ದಕ್ಕೆ ಸೀಳಿ ಎರಡು ಮಾಡಿ ನೋಡಿದ್ರು, ಅದರಿಂದ ಪೌಡರ್ ಪ್ಲಸ್ ಅನ್ನುವ ಅಗಲದ ಸ್ಕೀ ಬಂತು. ಕೆನಡಾದಲ್ಲಿ ಹೆಲಿಕಾಪ್ಟರಿನಲ್ಲಿ ಬೆಟ್ಟದ ಮೇಲೆ ಬಿಟ್ಟು ಇಳಿಸುವ ಸ್ಕೀಯಿಂಗಿನಲ್ಲಿ ಅದು ಭಾರಿ ಓಡಿತು, ಅದನ್ನು ಹಾಕಿದವರು ಚಾಂಪಿಯನ್‌ಗಳಲ್ಲ, ಪ್ರಾಯ ಆದವರು, ಅಷ್ಟೇನೂ ಬಾರದವರು, ದುಡ್ಡು ಕೊಟ್ಟು ಬಂದ ಸಾಮಾನ್ಯ ಗಿರಾಕಿಗಳು. ಗಟ್ಟಿಗರು ಆಗ ಅದನ್ನು ನೋಡಿ ತಮಾಷೆ ಮಾಡ್ತಿದ್ರು. ಆಮೇಲೆ ಬಂದವ ಶೇನ್ ಮ್ಯಾಕಾಂಕಿ ಅನ್ನುವ ಸ್ಕೀಯರ್, ಮಹಾ ಅಂಡೆಪಿರ್ಕಿ, ಅಲಾಸ್ಕಾದ ಹಿಮದಲ್ಲಿ ವಾಟರ್ ಸ್ಕೀಯನ್ನೇ ಕಾಲಿಗೆ ಕಟ್ಟಿ ಇಳಿದವ, ಹುಡಿ ಹಿಮ ಅಂದ್ರೆ ನೀರಿನ ಹಾಗೆ, ಅದಕ್ಕೆ ನೀರಿನ ಸಾಮಾನೇ ಬೇಕು ಅಂತ ಅವನ ಲೆಕ್ಕ. ಸಸಿಹಿತ್ಲು, ಮೂಲ್ಕಿಯಲ್ಲಿ ಸರ್ಫಿಂಗ್ ಮಾಡುವ ಹುಡುಗರಿಗೆ ಇದು ಕೂಡ್ಲೆ ಅರ್ಥ ಆಗ್ತದೆ. 2002ರಲ್ಲಿ ವೋಲಾಂಟ್ ಕಂಪನಿಯಿಂದ ಅವನ ಸ್ಪ್ಯಾಚುಲಾ ಬಂತು, ಎರಡೂ ತುದಿ ಮೇಲಕ್ಕೆ ಬಾಗಿದ, ನಡುವೇ ಅಗಲ ಇದ್ದ ಸ್ಕೀ. ಈಗ ರಾಕರ್ ಅಂತ ಎಲ್ಲ ಕಂಪನಿಯವರು ಮೂತಿ ಎತ್ತಿ ಮಾಡ್ತಾರಲ್ಲ, ಅದಕ್ಕೆಲ್ಲ ಧೈರ್ಯ ಬಂದದ್ದು ಅದರಿಂದಲೇ.

ಹಾಗಂತ ಎಷ್ಟು ಅಗಲ ಆದ್ರೆ ಅಷ್ಟು ಒಳ್ಳೇದು ಅಂತ ಹೊರಟ್ರೆ ಅದೂ ಮಂಡೆ ಸರಿ ಇಲ್ಲದ ಕೆಲಸ. ಸ್ಕೀ ಮೇಲೆ 134-106-124 ಅಂತ ಮೂರು ಸಂಖ್ಯೆ ಇರ್ತದೆ, ಮೂತಿ, ನಡು, ಬಾಲ, ನೋಡ್ಬೇಕಾದ್ದು ನಡುವಿನದ್ದು. ಪಿಸ್ಟ್‌ಗೆ 65ರಿಂದ 80, ಎಲ್ಲ ಕಡೆಗೂ ಬೇಕಂದ್ರೆ 85ರಿಂದ 100, ಅದರ ಮೇಲೆ ಪೌಡರಿನ ಸ್ಕೀ. 120 ಅಂದ್ರೆ ದೋಣಿ. ಹುಡಿ ಹಿಮದಲ್ಲಿ ಸ್ವರ್ಗ, ಗಟ್ಟಿ ಹಿಮಕ್ಕೆ ಬಂದ ಕೂಡ್ಲೆ ಒಂದು ಅಂಚಿಂದ ಇನ್ನೊಂದು ಅಂಚಿಗೆ ಮಗುಚ್ಲಿಕ್ಕೆ ಮೊಣಕಾಲು ಸಾಕಾಗುದಿಲ್ಲ, ಸಂಜೆ ಮೆಟ್ಟಿಲು ಇಳೀವಾಗ ಗೊತ್ತಾಗ್ತದೆ. ಗುಲ್ಮಾರ್ಗಿನಲ್ಲಿ ದಿನಾ ಹೊಸ ಹಿಮ ಸಿಗುದಿಲ್ಲ, ಬಿದ್ದದ್ದನ್ನೂ ಮಧ್ಯಾಹ್ನದೊಳಗೆ ಜನ ಉತ್ತು ಹಾಕಿರ್ತಾರೆ, ಮೇಲಿಂದ ಬಿಸಿಲಿಗೆ ಹೊಪ್ಪಳೆ ಕಟ್ಟುದು ಬೇರೆ. 2024ರ ಜನವರಿಯಲ್ಲಂತೂ ಹಿಮವೇ ಬೀಳದೆ ಕಂದು ನೆಲ ಕಾಣ್ತಿತ್ತು. ಅದಕ್ಕೇ ನನ್ನ ಪ್ರಕಾರ ವಾರಕ್ಕೆ ಅಂತ ಹೋಗುವ ನಮ್ಮಂಥವರಿಗೆ 100ರಿಂದ 108, ಸ್ವಲ್ಪ ರಾಕರ್ ಇದ್ದದ್ದು, ಅಷ್ಟೇ. ತೂಕವೂ ಲೆಕ್ಕಕ್ಕೆ ಬರ್ತದೆ, ನನ್ನ ಹೆಂಡತಿ 52 ಕೆಜಿ, ಅವಳು 98ರ ಸ್ಕೀಯಲ್ಲಿ ನನಗಿಂತ ಚಂದ ತೇಲ್ತಾಳೆ, ನಾನು ದಿನಾ ಬಂಗುಡೆ ಪುಳಿಮುಂಚಿ ಬಾರಿಸಿ 84 ಕೆಜಿ ಆದವ. ಮತ್ತೆ ಉದ್ದ ಗಿಡ್ಡದ್ದು ಬೇಡ, ರಾಕರ್ ಇದ್ದ ಸ್ಕೀಯ ತುದಿ ಗಟ್ಟಿ ಹಿಮಕ್ಕೆ ತಾಗುದೇ ಇಲ್ಲ, ಹಾಗಾಗಿ ಹಿಡಿತಕ್ಕೆ ಸಿಗುವ ಉದ್ದ ಕಮ್ಮಿ, ಮಾಮೂಲಿಗಿಂತ ನಾಲ್ಕೈದು ಸೆಂಟಿಮೀಟರ್ ಜಾಸ್ತಿಯೇ ಇರ್ಲಿ.

ಇನ್ನೊಂದು, ಇದನ್ನು ಯಾರೂ ಹೇಳುದಿಲ್ಲ. ಬೈಂಡಿಂಗಿನ ಹಿಂದೆ ಎರಡು ಕಡೆ ಕಂಬಿ ಹಾಗೆ ಬ್ರೇಕ್ ಇರ್ತದೆ, ಕಾಲಿಂದ ಬಿಚ್ಚಿದ ಸ್ಕೀ ಜಾರಿ ಹೋಗದ ಹಾಗೆ ತಡೀಲಿಕ್ಕೆ, ಅದಕ್ಕೂ ಅಳತೆ ಉಂಟು. 106ರ ಸ್ಕೀಗೆ 90ರ ಬ್ರೇಕ್ ಕೂರುದಿಲ್ಲ, ಕೆಲವು ಕಡೆ ಕಂಬಿಯನ್ನು ಬಗ್ಗಿಸಿ ಕೂರಿಸಿ ಕೊಡ್ತಾರೆ, ಅದು ಸ್ಕೀಯ ಅಂಚಿಗೆ ಉಜ್ಜಿ ಸಿಕ್ಕಿಹಾಕಿಕೊಂಡು ಬೇಕಾದಾಗ ಕೆಳಗೆ ಬರುದಿಲ್ಲ. ಅಂಗಡಿಯಲ್ಲೇ ಬೂಟು ಹಾಕಿ, ಬಿಚ್ಚಿ, ಬ್ರೇಕ್ ಟಪ್ ಅಂತ ಇಳೀತದಾ ನೋಡಿ.

ಅಗಲದ ಸ್ಕೀ ಸಿಕ್ಕಿತು ಅಂತ ಗಡಿಗೆ ಕಟ್ಟಿದ ಹಗ್ಗ ದಾಟಿ ಹೋಗುವ ಧೈರ್ಯವೂ ಬರ್ತದೆ, ನನಗೆ ಹೆದರಿಕೆ ಅದರದ್ದೇ. 2023ರ ಫೆಬ್ರವರಿ 1ಕ್ಕೆ ಗುಲ್ಮಾರ್ಗಿನ ಬೆಟ್ಟ ಅಫರ್ವಾತ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ತೀರಿಕೊಂಡ್ರು, ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು. ಹಿಮದಡಿ ಹೂತವರನ್ನು ಪತ್ತೆ ಹಚ್ಚುವ ಬೀಕನ್, ಸಲಿಕೆ, ಚುಚ್ಚಿ ಹುಡುಕುವ ಕೋಲು ಪ್ರೋಬ್, ಮೂರೂ ಮೈಮೇಲೆ ಇಲ್ಲದೆ, ಗೈಡ್ ಇಲ್ಲದೆ ಆಫ್-ಪಿಸ್ಟ್, ಅಂದ್ರೆ ಪಿಸ್ಟ್ ಬಿಟ್ಟು ಹೊರಗೆ, ಬೇಡವೇ ಬೇಡ. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದಕ್ಷರ ಇರ್ಲಿಲ್ಲ, ಹೋಟೆಲಿನ ಕಹ್ವಾಕ್ಕೆ, ಆ ಕಾಶ್ಮೀರಿ ಚಾಕ್ಕೆ, ಒಂದು ಇಡೀ ಪ್ಯಾರಾ ಇತ್ತು.

ಕೊಂಡ್ಕೊಳ್ಳುದಾ ಬಾಡಿಗೆಯಾ ಅಂತ ಕೇಳುವವರಿಗೆ, ಊರಿನವರಾದ್ರೆ ಬಾಡಿಗೆಯೇ. ನಾನು ಹುಚ್ಚಿನಲ್ಲಿ ಒಂದು ಜೊತೆ ಕೊಂಡೆ. ಬಜ್ಪೆ ಏರ್‌ಪೋರ್ಟಿನ ಕೌಂಟರಿನಲ್ಲಿ ಪ್ರತಿ ಸಲ ಸರ್ಫ್ ಬೋರ್ಡಾ ಸರ್ ಅಂತ ಕೇಳ್ತಾರೆ, ಅದಾದ್ರೂ ನಗು ಬರುವ ವಿಷಯ. ಮೊದಲ ವರ್ಷ ಬ್ಯಾಗಲ್ಲೇ ಬಿಟ್ಟು ಅಟ್ಟಕ್ಕೆ ಹಾಕಿದ್ದೆ, ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ, ಚೌತಿ ಕಳೆದು ಬಿಚ್ಚಿದ್ರೆ ಉಕ್ಕಿನ ಅಂಚು ಪೂರಾ ಕೆಂಪು ತುಕ್ಕು, ಬ್ಯಾಗಿನೊಳಗೆ ಬೂಸ್ಟು. ಉಜ್ಜಿ ಉಜ್ಜಿ ಕೈ ಹೋಯ್ತು. ಈಗ ಮಳೆ ಶುರುವಾಗುವ ಮೊದಲೇ ಅಂಚಿನ ಮೇಲೂ ಅಡಿಯಲ್ಲೂ ದಪ್ಪ ಮೇಣ ಬಳಿದು ಬ್ಯಾಗಿಂದ ಹೊರಗೆ, ಮಲಗುವ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಡುದು, ಹೆಂಡತಿ ಬೈದ್ರೂ ಬೇರೆ ಒಣಗಿದ ಜಾಗ ಮನೆಯಲ್ಲಿ ಇಲ್ಲ.

ಕೊನೆಗೊಂದು ಕೋರಿಕೆ. ಲೇಖನದ ಜೊತೆ ಹಾಕಿದ ಫೋಟೋಕ್ಕೆ ಪೌಡರ್ ಸ್ಕೀಯಿಂಗ್ ಅಂತ ಅಡಿಬರಹ ಉಂಟು, ಅದರಲ್ಲಿರುವವ ಕೆಂಪು ನೀಲಿ ಗೇಟುಗಳ ಮಧ್ಯೆ ರೇಸ್ ಓಡ್ತಾ ಇದ್ದಾನೆ, ಕಾಲಲ್ಲಿ ಇರುದು ಸ್ಲಾಲಮ್ ಸ್ಕೀ, ರೇಸಿಗೆ ಮಾಡಿದ ಸಪೂರದ್ದು. ತಿದ್ದುಪಡಿ ಹಾಕುದಾದ್ರೆ ನನ್ನ ಹತ್ರ ಬೇರೆ ಒಂದು ಫೋಟೋ ಉಂಟು, ಆ ಮೂರನೇ ದಿನ ಗೈಡ್ ತೆಗೆದದ್ದು, ಸೊಂಟದವರೆಗೆ ಹಿಮದಲ್ಲಿ ಹೂತ ನಾನು, ಕೈಯಲ್ಲಿ ಒಂದೇ ಸ್ಕೀ. ಪುಕ್ಕಟೆ ಕೊಡ್ತೇನೆ.

ಇಂತಿ,
ನಿಮ್ಮ ಹಳೇ ಓದುಗ, ಸುರತ್ಕಲ್